ಶಾಲಾ ಬ್ಯಾಂಡ್ ಸ್ಪರ್ಧೆ: ಮೂರು ಜಿಲ್ಲೆಗೊಂದು ಸರಣಿ ಕಟ್ಟುವುದು ಹೀಗೆ

ಅಮೆರಿಕದ ಡ್ರಮ್ ಕೋರ್‌ಗಳಲ್ಲಿ (ಡ್ರಮ್, ತುತ್ತೂರಿ ನುಡಿಸುತ್ತ ಕವಾಯತು ಮಾಡುವ ಯುವ ತಂಡಗಳಲ್ಲಿ) ಪ್ರಾದೇಶಿಕ ಸ್ಪರ್ಧೆಗಳು ಸೊರಗಲು ಪ್ರಯಾಣದ ಖರ್ಚು ದೊಡ್ಡ ಕಾರಣ. 1972ರಲ್ಲಿ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್) ಸಂಸ್ಥೆಯ ಚಾಂಪಿಯನ್‌ಶಿಪ್ ಶುರುವಾದ ಮೇಲೆ ದೊಡ್ಡ ತಂಡಗಳು ದೇಶ ಸುತ್ತತೊಡಗಿದವು, ಸಣ್ಣವು ಹಿಂದೆ ಬಿದ್ದವು. ಹಾಗಾಗಿ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಶಾಲಾ ಬ್ಯಾಂಡ್ ಸರಣಿಗೂ ಮೊದಲು ದಾರಿಯ ಲೆಕ್ಕ ಹಾಕಿ.

ಬೀದರ್–ಹುಮನಾಬಾದ್–ಕಲಬುರಗಿ ರೈಲು ಮಾರ್ಗ 2017ರಿಂದ ಇದೆ; ಇತ್ತ ಶಹಾಬಾದ್, ವಾಡಿ, ಯಾದಗಿರಿ ಒಂದೇ ಹಳಿಯ ಮೇಲಿವೆ. ಈ ಊರುಗಳಲ್ಲೇ ನಾಲ್ಕು ಭಾನುವಾರ ಸುತ್ತು ಇಡಿ. ನವೆಂಬರ್‌ನಿಂದ ಜನವರಿ ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ಮಕ್ಕಳೂ ತಡೆಯರು, ಚರ್ಮದ ಡ್ರಮ್ಮೂ ತಡೆಯದು.

ತಂಡಕ್ಕೆ 16 ಮಕ್ಕಳು ಸಾಕು: 8 ಸೈಡ್ ಡ್ರಮ್, 2 ಬಾಸ್ ಡ್ರಮ್, 1 ಜೋಡಿ ತಾಳ, 4 ಬ್ಯೂಗಲ್ (ತುತ್ತೂರಿ), ಮುಂದೊಬ್ಬ ನಾಯಕ. ನುಡಿಸಲು 6 ನಿಮಿಷ, ಒಳಬಂದು ಹೊರಹೋಗಲು 4. ಎಲ್ಲ ಸುತ್ತಿಗೂ ಅದೇ ಮೂವರು ತೀರ್ಪುಗಾರರಿರಲಿ, ಇಲ್ಲದಿದ್ದರೆ ಅಂಕಗಳನ್ನು ಹೋಲಿಸಲಾಗದು.

ಹೆಚ್ಚಾಗಿ ಕೆಡುವುದು ಡ್ರಮ್ಮಿನ ಶ್ರುತಿ. ದಾರಿಯಲ್ಲಿ ಕುಲುಕಿ ಸ್ಕ್ರೂ ಸಡಿಲಾಗುತ್ತವೆ. ಎದುರುಬದುರಿನ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಬಿಗಿ ಮಾಡಿ. ಸಾಲಾಗಿ ತಿರುಗಿಸುತ್ತ ಹೋದರೆ ಚರ್ಮ ಹಿಡಿದಿಡುವ ರಿಂಗ್ ವಾರೆಯಾಗುತ್ತದೆ. ಪ್ರತಿ ಸ್ಕ್ರೂ ಪಕ್ಕ ಕಡ್ಡಿಯಿಂದ ತಟ್ಟಿ ಕೇಳಿ, ದನಿ ಒಂದೇ ಇರಬೇಕು. ಚರ್ಮ ಒಣಗಾಳಿಗೆ ತಾನೇ ಬಿಗಿಯುತ್ತದೆ. ಬಿಸಿಲಲ್ಲಿಟ್ಟು ಮೇಲೆ ಇನ್ನಷ್ಟು ಬಿಗಿದರೆ ಹರಿಯಿತೆಂದೇ ತಿಳಿಯಿರಿ.