ಬೆಟ್ಟದಿಂದ ಬೆಟ್ಟಕ್ಕೆ ತಂತಿ: ಘಟ್ಟ ಇಳಿದ ಒಂದು 110 ಕೆವಿ ಲೈನು

ಉತ್ತರ ಕನ್ನಡದಲ್ಲಿ ಲೈನ್ ಸರ್ವೆಗೆ ಹೋದವರನ್ನು ಜನ ಕೇಳುವ ಮೊದಲ ಪ್ರಶ್ನೆ ಒಂದೇ. "ಕೈಗಾ ನಮ್ಮಲ್ಲೇ ಉಂಟು, ಕದ್ರಾ ನಮ್ಮಲ್ಲೇ ಉಂಟು. ಮತ್ತೆ ನಮ್ಮನೆ ಬಲ್ಬು ಯಾಕೆ ಮಿಣಮಿಣ ಅಂತದೆ?" ಕೇಳುವುದರಲ್ಲಿ ನ್ಯಾಯ ಇದೆ. ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕ ಸೇರಿ 880 ಮೆಗಾವಾಟ್. ಕಾಳಿ ನದಿಯ ಮೇಲೆ ಸೂಪಾ 100, ಕೊಡಸಳ್ಳಿ 120, ಕದ್ರಾ 150. ಆಚೆ ಶರಾವತಿಗೆ ಗೇರುಸೊಪ್ಪದಲ್ಲಿ 240. ಇಷ್ಟು ವಿದ್ಯುತ್ ಹುಟ್ಟುವ ಜಿಲ್ಲೆಯಲ್ಲಿ ಬೇಸಿಗೆಯ ಸಂಜೆ ಮಿಕ್ಸರ್ ತಿರುಗುವುದಿಲ್ಲ ಅಂದರೆ ಯಾರಿಗೂ ಸಿಟ್ಟು ಬರುತ್ತದೆ.

ಆದರೆ ಕೈಗಾದ ವಿದ್ಯುತ್ ಕುಮಟೆಯ ಕೇರಿಗೆ ಸೀದಾ ಬರುವುದಿಲ್ಲ. ಅದು ಹೆಚ್ಚಿನ ಒತ್ತಡದ ಲೈನಿನಲ್ಲಿ ಘಟ್ಟ ಹತ್ತಿ ಗ್ರಿಡ್ ಸೇರುತ್ತದೆ. ಅಲ್ಲಿಂದ 110, 33, 11 ಕೆವಿ (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟ್) ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮನೆಗೆ ಬರಬೇಕು. ಯಾವ ಮೆಟ್ಟಿಲು ಕಿರಿದಾಗಿದೆ ಎಂದು ಹುಡುಕುವುದೇ ನನ್ನ ಕೆಲಸ. ಪ್ರಸರಣ ಯೋಜನೆಯಲ್ಲಿ ಬಹಳ ವರ್ಷ ಇದ್ದೇನೆ. ಇಲ್ಲಿ ಬರೆಯುತ್ತಿರುವುದು ಘಟ್ಟದ ಮೇಲಿನಿಂದ ಕರಾವಳಿಯ ಒಂದು ಹೊಸ ಸಬ್‌ಸ್ಟೇಷನ್ನಿಗೆ ಎಳೆದ 110 ಕೆವಿ ಲೈನಿನ ಬಗ್ಗೆ. ಊರಿನ ಹೆಸರು ಬೇಡ, ಆ ತೋಟದವರೆಲ್ಲ ಇನ್ನೂ ಅಲ್ಲೇ ಇದ್ದಾರೆ.

ಮೊದಲು ಲೋಡು, ಅಂದರೆ ಒಂದು ಹೊತ್ತಿಗೆ ಜನ ಎಳೆಯುವ ವಿದ್ಯುತ್. ಕಳೆದ ವರ್ಷಕ್ಕೆ ಶೇಕಡಾ ಇಷ್ಟು ಸೇರಿಸು ಎನ್ನುವ ಸೂತ್ರದ ಲೆಕ್ಕವನ್ನು ನಾನು ನಂಬುವುದಿಲ್ಲ. ಸಬ್‌ಸ್ಟೇಷನ್ನಿಗೆ ಹೋಗಿ ಲಾಗ್‌ಬುಕ್ ತೆಗೆಯುತ್ತೇನೆ. ಆಪರೇಟರ್ ಗಂಟೆಗೊಮ್ಮೆ ಬರೆದಿಟ್ಟ ಆಂಪಿಯರ್, ವೋಲ್ಟೇಜ್ ಎಲ್ಲ ಅದರಲ್ಲಿರುತ್ತದೆ. ಅದರಲ್ಲೂ ಒಂದು ಮೋಸ ಉಂಟು. ಫೀಡರ್ (ಸಬ್‌ಸ್ಟೇಷನ್ನಿನಿಂದ ಊರಿಗೆ ಹೋಗುವ ಲೈನು) ಆಫ್ ಮಾಡಿದ ಹೊತ್ತಿನಲ್ಲಿ ಲೋಡ್ ಸೊನ್ನೆ ಎಂದಿರುತ್ತದೆ, ಬೇಡಿಕೆ ಸೊನ್ನೆ ಅಲ್ಲ. 11 ಕೆವಿ ಇರಬೇಕಾದ ಕಡೆ 10ರ ಕೆಳಗೆ ಬಂದಿದ್ದರೆ ಜನ ತಾವಾಗಿಯೇ ಪಂಪು ಬಂದ್ ಮಾಡಿ ಕೂತಿರುತ್ತಾರೆ, ಅದು ಪುಸ್ತಕದಲ್ಲಿ ಕಾಣುವುದಿಲ್ಲ. ಹಾಗಾಗಿ ಆಪರೇಟರ್ ಹತ್ತಿರ ಚಾ ಕುಡಿಯುತ್ತಾ ಕೂತು ಕೇಳಬೇಕು.

ಘಟ್ಟದ ಮೇಲೆ ಸಿರಸಿ, ಸಿದ್ದಾಪುರದ ಕಡೆ ಮಾರ್ಚ್, ಏಪ್ರಿಲ್ ಬಂತೆಂದರೆ ಅಡಿಕೆ ತೋಟದ ಪಂಪ್‌ಸೆಟ್ಟುಗಳದ್ದೇ ಲೋಡು. ಕೆಳಗೆ ಮೇ ತಿಂಗಳ ರಾತ್ರಿ ಎಸಿಗಳದ್ದು. ಗೋಕರ್ಣ, ಮುರುಡೇಶ್ವರಗಳ ಹೋಟೆಲ್, ಹೋಮ್‌ಸ್ಟೇಗಳು, ಐಸ್ ಫ್ಯಾಕ್ಟರಿಗಳು, ಕಾರವಾರದಲ್ಲಿ ಬೆಳೆಯುತ್ತಲೇ ಇರುವ ಸೀಬರ್ಡ್ ನೌಕಾನೆಲೆ. 2022ರಲ್ಲಿ ಕೊಂಕಣ ರೈಲು ಮಾರ್ಗವೂ ಪೂರ್ತಿ ವಿದ್ಯುದೀಕರಣವಾಯಿತು. ಇನ್ನೊಂದು ತಮಾಷೆ: ಲೋಡ್ ಹೆಚ್ಚುವುದು ಮೇ ತಿಂಗಳಲ್ಲಿ, ಲೈನ್ ಬೀಳುವುದು ಜೂನ್, ಜುಲೈನಲ್ಲಿ. ಎರಡಕ್ಕೂ ಒಂದೇ ಲೈನು ಉತ್ತರ ಹೇಳಬೇಕು.

ಹೊಸ ಲೈನು ನನ್ನ ಮೊದಲ ಆಯ್ಕೆ ಆಗಿರಲಿಲ್ಲ. ಯಾವತ್ತೂ ಆಗಿರುವುದಿಲ್ಲ. ಇರುವ ಕಾರಿಡಾರಿನಲ್ಲೇ (ಲೈನಿನಡಿ ಬಿಡಿಸಿಟ್ಟ ಪಟ್ಟಿಯಲ್ಲೇ) ತಂತಿ ಬದಲಿಸಿ, ಹೆಚ್ಚು ಶಾಖ ತಡೆದೂ ಕಡಿಮೆ ಜೋಲುವ ಎಚ್‌ಟಿಎಲ್‌ಎಸ್ ಕಂಡಕ್ಟರ್ ಹಾಕಿದರೆ ಒಂದು ಮರವನ್ನೂ ಕಡಿಯದೆ ಹೆಚ್ಚು ವಿದ್ಯುತ್ ಸಾಗಿಸಬಹುದು. ಇಲ್ಲಿ ಅದು ಆಗಲಿಲ್ಲ. ಆ ಭಾಗಕ್ಕೆ ಬರುತ್ತಿದ್ದುದು ಉದ್ದದ ಒಂದೇ 33 ಕೆವಿ ಲೈನು, ಅದೂ ಕಾಡಿನೊಳಗಿಂದ. ತಂತಿ ದಪ್ಪ ಮಾಡಿದರೂ ಜೂನ್‌ನಲ್ಲಿ ಮರ ಬಿದ್ದರೆ ಕತ್ತಲೆಯೇ. ಒಂದು ಲೈನು ಹೋದರೂ ಉಳಿದದ್ದು ಲೋಡ್ ಹೊರಬೇಕು ಎನ್ನುವುದು ನಮ್ಮ ಮೂಲ ನಿಯಮ. ಜೊತೆಗೆ ನಷ್ಟದ ಲೆಕ್ಕ ನೋಡಿ: ಅದೇ ಶಕ್ತಿಯನ್ನು 33ರ ಬದಲು 110ರಲ್ಲಿ ಕಳಿಸಿದರೆ ಕರೆಂಟು ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅದೇ ತಂತಿಯಲ್ಲಿ ನಷ್ಟ ಹನ್ನೊಂದರಲ್ಲಿ ಒಂದು ಪಾಲು. ಯಾವ ಲೈನಿನಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಲೆಕ್ಕ ಹಾಕುವ ಲೋಡ್ ಫ್ಲೋ ಸ್ಟಡಿಯೂ ಅದನ್ನೇ ಹೇಳಿತು.

ಇನ್ನು ದಾರಿ. ನಿಜವಾದ ಕೆಲಸ ಇಲ್ಲೇ.

ಕಂಪ್ಯೂಟರಿನಲ್ಲಿ ಎರಡು ಚುಕ್ಕಿಗೆ ಗೆರೆ ಎಳೆಯುವುದು ಸುಲಭ. ನಮ್ಮ ಜಿಲ್ಲೆಯ ಸುಮಾರು ಐದರಲ್ಲಿ ನಾಲ್ಕು ಪಾಲು ಕಾಡು. ಉಳಿದದ್ದರಲ್ಲಿ ಗದ್ದೆ, ತೋಟ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಮನೆ ಎಲ್ಲ. 110 ಕೆವಿ ಲೈನಿಗೆ 22 ಮೀಟರ್ ಅಗಲದ ಕಾರಿಡಾರ್ ಬೇಕು. 220 ಕೆವಿ ಆದರೆ 35. ಅರವತ್ತು ಅಡಿ ಎತ್ತರದ ಅಡಿಕೆ ಮರ ಆ ಪಟ್ಟಿಯೊಳಗೆ ಬಂದರೆ ಉಳಿಯುವುದಿಲ್ಲ. ಹಾಗಂತ ತೋಟ ಬಿಟ್ಟು ಪಕ್ಕಕ್ಕೆ ಸರಿದರೆ ಸೊಪ್ಪಿನ ಬೆಟ್ಟ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಹಳೆಯ ವ್ಯವಸ್ಥೆ ಇದು. ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ರೈತನದ್ದು, ಜಾಗ ಮಾತ್ರ ಅರಣ್ಯದ್ದು. ಅಲ್ಲಿ ಟವರ್ ನಿಲ್ಲಿಸಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು, ರೈತನನ್ನೂ ಒಪ್ಪಿಸಬೇಕು.

ಒಂದು ತೋಟದಲ್ಲಿ ಆದದ್ದು ಹೇಳುತ್ತೇನೆ. ಮೊದಲ ಗೆರೆ ತೋಟದ ನಡುಮಧ್ಯೆ ಹೋಗಿತ್ತು. ಮನೆಯ ಹಿರಿಯರು ಜಗಲಿಯಲ್ಲೇ ನಿಲ್ಲಿಸಿದರು. "ಆಸ್ರಿಗೆ ಕುಡ್ಕಂಡು ಹೋಗಿ ಮಾರಾಯ್ರೆ, ಗೂಟ ಮಾತ್ರ ಹೊಡಿಯಡಿ." ಕೋಕಂ ಕುಡಿದು ಅವರ ಜೊತೆಯೇ ಬೆಟ್ಟ ಹತ್ತಿದೆವು. ಮೇಲೆ ನಿಂತು ನೋಡಿದರೆ ವಿಷಯ ತಾನಾಗಿ ಕಾಣುತ್ತದೆ: ನಮ್ಮ ಕಡೆ ತೋಟ ಯಾವತ್ತೂ ಕಣಿವೆಯ ತಳದಲ್ಲಿ, ಎರಡೂ ಬದಿ ಬೆಟ್ಟ. ಟವರನ್ನು ಈಚೆ ಬೆಟ್ಟದ ಅಂಚಿಗೊಂದು, ಆಚೆ ಅಂಚಿಗೊಂದು ನಿಲ್ಲಿಸಿದರೆ ತಂತಿ ಅಡಿಕೆಯ ತಲೆಯ ಮೇಲಿಂದ ಬಹಳ ಎತ್ತರದಲ್ಲಿ ದಾಟುತ್ತದೆ. ಬಯಲುಸೀಮೆಯಲ್ಲಿ 300 ಮೀಟರಿಗೊಂದು ಟವರ್ ಹಾಕುತ್ತೇವೆ. ಕಣಿವೆ ದಾಟಲು ಅದರ ಇಮ್ಮಡಿ ಅಂತರ ಬೇಕಾಯಿತು. ಅಂತರ ಇಮ್ಮಡಿಯಾದರೆ ತಂತಿಯ ಜೋಲು ನಾಲ್ಕು ಪಟ್ಟು, ಅದೂ ತಂತಿ 75 ಡಿಗ್ರಿಗೆ ಕಾದಾಗಿನ ಲೆಕ್ಕ ಹಿಡಿಯಬೇಕು. ಬಯಲಲ್ಲಾದರೆ ಅಷ್ಟು ಜೋಲಿಗೆ ಟವರ್ ಎತ್ತರಿಸಿ ಪೂರೈಸುವುದಿಲ್ಲ. ಇಲ್ಲಿ ಬೆಟ್ಟವೇ ಆ ಎತ್ತರ ಕೊಟ್ಟಿತು. ಸಾದಾ ಟವರ್ ಬದಲು ಗಟ್ಟಿ ಆಂಗಲ್ ಟವರ್ ಬೇಕಾಯಿತು, ಉಕ್ಕು ಜಾಸ್ತಿ ಹೋಯಿತು. ಆದರೆ ಆ ಕಣಿವೆಯಲ್ಲಿ ಅಡಿಕೆ ಮರ ಒಂದೂ ಬೀಳಲಿಲ್ಲ. ಬೆಟ್ಟದ ಮೇಲೂ ಹಳೆಯ ಲಾರಿ ದಾರಿಯ ಬದಿಗೆ, ಮರ ವಿರಳವಾಗಿದ್ದ ಕಡೆಗೇ ಟವರ್ ಸರಿಸಿದೆವು. ಆ ಜಾಗ ತೋರಿಸಿದವರೂ ಅದೇ ಹಿರಿಯರು. ಉಂಬಳ (ಜಿಗಣೆ) ಕಚ್ಚಿಸಿಕೊಂಡು ತಿರುಗಿದ್ದಕ್ಕೆ ಬೇಸರವಿಲ್ಲ, ಡ್ರೋನ್ ಸರ್ವೆ ಆ ಲಾರಿ ದಾರಿಯನ್ನು ಮರದಡಿಯಲ್ಲಿ ತೋರಿಸಿರಲಿಲ್ಲ.

ಎಲ್ಲ ಕಡೆ ಹೀಗೆ ಆಗುವುದಿಲ್ಲ. ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ಕಂಡರೆ ಚರ್ಚೆಯೇ ಬೇಡ, ಸುತ್ತು ಹಾಕಬೇಕು. ಸಿಂಗಳೀಕ ಓಡಾಡುವ ಕಾಡೂ ಹಾಗೆಯೇ. ಮರದ ಮೇಲೇ ಬದುಕುವ ಪ್ರಾಣಿಗೆ 22 ಮೀಟರ್ ಬಯಲು ಎಂದರೆ ದಾಟಲಾಗದ ಹೊಳೆ. ಸುತ್ತಿದ ಪ್ರತಿ ಕಿಲೋಮೀಟರಿಗೂ ದುಡ್ಡು ಖರ್ಚು. ಆದರೆ ಅರಣ್ಯದ ಕಡತ ವರ್ಷಗಟ್ಟಲೆ ಕೂತರೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ ಎಂದೇ ನನ್ನ ಲೆಕ್ಕ.

ಪರಿಹಾರದ ಮಾತು ಚಿಕ್ಕದಾಗಿ. ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ ಅಧಿಕಾರ ಇದ್ದರೆ ಒಪ್ಪಿಗೆ ಇಲ್ಲದೆಯೂ ಟವರ್ ನಿಲ್ಲಿಸಬಹುದು. ಕಾನೂನು ಹೌದು, ಆದರೆ ಅದನ್ನೇ ಮುಂದಿಟ್ಟುಕೊಂಡು ಹೋದವರ ಲೈನು ಬೇಗ ಮುಗಿದದ್ದನ್ನು ನಾನು ಕಂಡಿಲ್ಲ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರ್ ಬುಡದ ಜಾಗಕ್ಕೆ ಜಮೀನು ಬೆಲೆಯ ಶೇ. 85, ಕಾರಿಡಾರಿಗೆ ಶೇ. 15ರವರೆಗೆ ಇತ್ತು. 2024ರ ಜೂನ್‌ನಲ್ಲಿ ಅದು ಶೇ. 200 ಮತ್ತು ಶೇ. 30 ಆಯಿತು. ಮರದ ಪರಿಹಾರ ಬೇರೆ. ರೈತನ ಎದುರು ಕೂತಾಗ ಈ ಅಂಕಿಯ ಕಾಗದ ಕೈಯಲ್ಲಿರಬೇಕು; "ಮೇಲಿನವರು ನೋಡ್ತಾರೆ" ಎಂದರೆ ಯಾರೂ ನಂಬುವುದಿಲ್ಲ.

ಘಟ್ಟ ಇಳಿದ ಮೇಲೆ ಎರಡು ತೊಂದರೆ. ಒಂದು ಚಿರೆಕಲ್ಲು ನೆಲ. ಅದರಲ್ಲಿ ಅರ್ಥಿಂಗ್ ಸುಲಭಕ್ಕೆ ಕೂರುವುದಿಲ್ಲ, ಮೇ ತಿಂಗಳ ಸಿಡಿಲಿಗೆ ಲೈನು ಟ್ರಿಪ್ಪಾಗುತ್ತದೆ. ಟವರ್ ಕಾಲುಗಳಿಂದ ಉದ್ದಕ್ಕೆ ಕೌಂಟರ್‌ಪಾಯ್ಸ್ ತಂತಿ ಹೂಳಿಸಿ ರೋಧವನ್ನು 10 ಓಮ್ ಒಳಗೆ ತಂದೆವು. ಇನ್ನೊಂದು ಕಡಲ ಉಪ್ಪು. ಮಳೆಗಾಲದಲ್ಲಿ ನೀರೇ ತೊಳೆಯುತ್ತದೆ. ಚಳಿಗಾಲದಲ್ಲಿ ಉಪ್ಪು ಕೂತು, ಬೆಳಗಿನ ಜಾವದ ಇಬ್ಬನಿಗೆ ಒದ್ದೆಯಾದರೆ ತಂತಿಯನ್ನು ಟವರಿಗೆ ತಾಗದಂತೆ ಹಿಡಿಯುವ ಇನ್ಸುಲೇಟರ್ ಮೇಲೆ ಚಟಚಟ ಶುರು. ಅದಕ್ಕೆ ಕಡಲಬದಿಯ ಟವರುಗಳಿಗೆ ಪಿಂಗಾಣಿ ಬಿಟ್ಟು, ಪ್ರತಿ ಕಿಲೋವೋಲ್ಟಿಗೆ 31 ಮಿಲಿಮೀಟರ್ ಮೇಲ್ಮೈ ಉದ್ದದ ಲೆಕ್ಕದ ಸಿಲಿಕೋನ್ ಇನ್ಸುಲೇಟರ್ ಬರೆದೆ.

ಕೊನೆಗೆ ಹೆಚ್ಚು ವಾದ ಆದದ್ದು ಸರ್ಕ್ಯೂಟಿನ ಮೇಲೆ, ಅಂದರೆ ಮೂರು ತಂತಿಯ ಸೆಟ್ಟು ಎಷ್ಟು ಬೇಕು ಎನ್ನುವುದರ ಮೇಲೆ. ಇವತ್ತಿನ ಲೋಡಿಗೆ ಹೊಸ ಸರ್ಕ್ಯೂಟ್ ಒಂದೇ ಸಾಕು, ಹಳೆಯ 33 ಕೆವಿ ಅದರ ಬೆನ್ನಿಗೆ ಇರುತ್ತದೆ. ನಾನು ಕೇಳಿದ್ದು ಎರಡು ಸರ್ಕ್ಯೂಟ್ ಹೊರುವ ಟವರ್, ಸದ್ಯಕ್ಕೆ ಒಂದೇ ಬದಿ ತಂತಿ. "ಬೇಡದ ಉಕ್ಕಿಗೆ ಯಾಕೆ ದುಡ್ಡು?" ಎಂದು ಸಭೆಯಲ್ಲಿ ಕೇಳಿದರು. ಉಕ್ಕು ಯಾವಾಗ ಬೇಕಾದರೂ ಸಿಗುತ್ತದೆ, ಈ ಘಟ್ಟದಲ್ಲಿ ಇನ್ನೊಂದು 22 ಮೀಟರ್ ಪಟ್ಟಿ ಸಿಗುವುದಿಲ್ಲ ಎಂದೆ. ಕಣಿವೆಯ ಪ್ರೊಫೈಲ್ ನಕ್ಷೆ ಮೇಜಿನ ಮೇಲೆ ಹರಡಿ, ಎರಡನೇ ಲೈನಿಗೆ ಬೇರೆ ಜಾಗ ಎಲ್ಲಿದೆ ತೋರಿಸಿ ಎಂದು ಕೇಳಿದ ಮೇಲೆ ಒಪ್ಪಿಗೆ ಸಿಕ್ಕಿತು. ಆ ಇನ್ನೊಂದು ಬದಿ ಈಗಲೂ ಖಾಲಿ ಇದೆ. ಮೇ ತಿಂಗಳ ಲಾಗ್‌ಬುಕ್ ನೋಡಿದರೆ ಹೆಚ್ಚು ವರ್ಷ ಖಾಲಿ ಇರುವ ಹಾಗೆ ಕಾಣುವುದಿಲ್ಲ. ತಂತಿ ಎಳೆಯುವ ಅಂದಾಜುಪಟ್ಟಿ ಬರೆಯಲು ಕೂತಿದ್ದೇನೆ.