ಟ್ಯಾಂಕ್ ಖಾಲಿಯಾಗಲು 6 ನಿಮಿಷವೋ, 20 ನಿಮಿಷವೋ?

ನನ್ನ ಮೊದಲ ಕೆಲಸದ ಜಾಗದಲ್ಲಿ ಬಿಡಿಭಾಗ ತೊಳೆಯುವ ಒಂದು ಟ್ಯಾಂಕ್ ಇತ್ತು. ದುಂಡನೆಯದು, 1 ಮೀಟರ್ ಅಗಲ, ತುಂಬಿದಾಗ 1 ಮೀಟರ್ ನೀರು. ತಳದಲ್ಲಿ 25 ಮಿಲಿಮೀಟರ್ ತೂತು, ಅದಕ್ಕೊಂದು ಬೂಚು. ಬೂಚು ಕಿತ್ತರೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ? ಲೆಕ್ಕ ನನ್ನ ಪಾಲಿಗೆ ಬಂತು.

ನೀರಿನ ಎತ್ತರದಿಂದ ತೂತಿನ ಧಾರೆಯ ವೇಗ ಲೆಕ್ಕ ಹಾಕುವ ಟೊರಿಸೆಲ್ಲಿ ಸೂತ್ರ ಗೊತ್ತಿತ್ತು. 1 ಮೀಟರ್ ಎತ್ತರದ ನೀರು ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ಹೊರಬರುತ್ತದೆ. 785 ಲೀಟರ್ ನೀರು, 6 ನಿಮಿಷ ಸಾಕು ಎಂದು ಬರೆದುಕೊಟ್ಟೆ. 6 ನಿಮಿಷಕ್ಕೆ ಆಪರೇಟರ್ ಒಳಗೆ ಬಗ್ಗಿ ನೋಡಿ, "ಸರ್, ಇನ್ನೂ ಅರ್ಧ ಟ್ಯಾಂಕ್ ಇದೆ" ಅಂದರು.

ಒಂದು ತಪ್ಪು ಅಲ್ಲೇ ಹೊಳೆಯಿತು. ಮಟ್ಟ ಇಳಿದ ಹಾಗೆ ವೇಗವೂ ಇಳಿಯುತ್ತದೆ, ಅಲ್ವಾ? ಅದನ್ನು ಸೇರಿಸಿದರೆ ಸಮಯ ಸರಿಯಾಗಿ ಎರಡು ಪಟ್ಟು, 12 ನಿಮಿಷ. ಆದರೆ ನೀರು ಮುಗಿದದ್ದು 20 ನಿಮಿಷದ ಹತ್ತಿರ.

ಇಲ್ಲಿ ಸುಮ್ನೆ ಒಂದು ಗುಣಕ ಹಾಕಿ ಉತ್ತರ ಹೊಂದಿಸಲು ಮನಸ್ಸು ಬರಲಿಲ್ಲ. ಮರುದಿನ ಒಳಗೋಡೆಗೆ ಸ್ಟೀಲ್ ಸ್ಕೇಲ್ ಅಂಟಿಸಿ, ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಂಡೆ. ಸೂತ್ರದ ಪ್ರಕಾರ ವೇಗ ಮಟ್ಟದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಮಟ್ಟದ ವರ್ಗಮೂಲವನ್ನು ಸಮಯದ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿದೆ. ಕೊನೆಯ ಕೆಲವನ್ನು ಬಿಟ್ಟು ಚುಕ್ಕೆಗಳೆಲ್ಲ ಒಂದೇ ನೇರ ಗೆರೆಯ ಮೇಲೆ ಕೂತವು! ಆ ಗೆರೆ ನೋಡಿ ಆದ ಖುಷಿ ಇವತ್ತಿಗೂ ನೆನಪಿದೆ. ಗೆರೆ ನೇರ ಇದೆ ಅಂದರೆ ಸಮೀಕರಣದ ರೂಪ ಸರಿ, ಇಳಿಜಾರು ಮಾತ್ರ ಕಡಿಮೆ. ನನ್ನ ಲೆಕ್ಕದ ಇಳಿಜಾರಿನ 0.62 ಪಾಲು.

ಕಾರಣ ತೂತಿನ ಅಂಚಿನಲ್ಲಿತ್ತು. ಅಂಚು ಚೂಪಾಗಿದ್ದರೆ ಸುತ್ತಲಿಂದ ನುಗ್ಗಿ ಬರುವ ನೀರು ತಟ್ಟನೆ ತಿರುಗಲಾರದು. ಹೊರಬಿದ್ದ ಧಾರೆ ತೂತಿಗಿಂತ ಸಣ್ಣಗಾಗುತ್ತದೆ. ಟ್ಯಾಂಕಿನ ಕೆಳಗೆ ಕೂತು ನೋಡಿದೆ. ಧಾರೆಯ ಸೊಂಟ ಬರಿಗಣ್ಣಿಗೇ ಕಾಣುತ್ತಿತ್ತು. ಚೂಪು ಅಂಚಿನ ತೂತಿಗೆ ಕೈಪಿಡಿಗಳು ಕೊಡುವ ಅಂಕಿಯೂ 0.6ರ ಆಸುಪಾಸೇ. ನನ್ನ 0.62 ಹಾಕಿದರೆ 19 ನಿಮಿಷಕ್ಕಿಂತ ತುಸು ಜಾಸ್ತಿ.

ಈಗ ಹೊಸಬರಿಗೆ ಗಣಿತದ ಮಾಡೆಲ್ ಕಟ್ಟೋದು ಹೇಳಿಕೊಡುವಾಗ ಮೊದಲು ಈ ಗ್ರಾಫನ್ನೇ ತೋರಿಸುತ್ತೇನೆ. ಕೊನೆಯ ಉತ್ತರವೊಂದನ್ನೇ ಹೋಲಿಸಿದ್ದರೆ ಎಲ್ಲಿ ತಪ್ಪಿದೆ ಅನ್ನೋದು ನನಗೆ ತಿಳಿಯುತ್ತಲೇ ಇರಲಿಲ್ಲ.

ಕೊನೆಯ ಕೆಲವು ಸೆಂಟಿಮೀಟರಿನಲ್ಲಿ ಮಾತ್ರ ಗೆರೆ ಬಾಗಿತ್ತು. ಅಲ್ಲಿ ನೀರು ಸುಳಿ ತಿರುಗಿ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಹಾಳೆಯ ಮೇಲೆ ಬರೆದಿಟ್ಟೆ: "5 ಸೆಂಟಿಮೀಟರಿಗಿಂತ ಕೆಳಗೆ ಈ ಲೆಕ್ಕ ನಂಬಬೇಡಿ."