ಸೆಕೆಗೆ ಬಾಲ್ದಿ ಮದ್ದು: ಕಬಡ್ಡಿ, ವಾಲಿಬಾಲ್ ತಂಡಗಳಿಗೆ

ಅಭ್ಯಾಸದ ಬಿಡುವಿನಲ್ಲಿ ತಲೆಗೆ ನೀರು ಸುರಿದು ಸುಮ್ಮನಾಗಬೇಡಿ. ಎರಡೂ ಕೈಗಳನ್ನು ಮೊಣಕೈವರೆಗೆ ತಣ್ಣೀರಿನ ಬಾಲ್ದಿಯಲ್ಲಿ 10 ನಿಮಿಷ ಮುಳುಗಿಸಿಡಿ. ನೀರು 15ರಿಂದ 20 ಡಿಗ್ರಿ ಇರಲಿ. ಬಾವಿನೀರು ಸುಮಾರು 27 ಡಿಗ್ರಿ ಇದ್ದರೆ 10 ಲೀಟರಿಗೆ ಒಂದು ಕಿಲೋ ಐಸ್ ಹಾಕಿ, ಪೂರ್ತಿ ಕರಗಿದಾಗ 17ರ ಆಸುಪಾಸಿಗೆ ಬರುತ್ತದೆ. ಬಾಲ್ದಿ ತುಂಬ ತುಂಬಿಸಬೇಡಿ, ಕೈ ಇಳಿದಾಗ ಅರ್ಧ ನೀರು ಅಂಗಳಕ್ಕೆ ಹೋಗುತ್ತದೆ. ಎರಡು ಮೂರು ಜನ ಕೈಯಿಟ್ಟ ಮೇಲೆ ಮತ್ತಷ್ಟು ಐಸ್ ಬೇಕು. ಬೆವರು ತಂಪು ಮಾಡುವುದು ಆರಿದಾಗ ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ ಕಾಸರಗೋಡಿನ ಸೆಕೆಗೆ ಅದು ಆರದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ನೀರಿನಂಶ ಹೋದದ್ದೇ ಲಾಭ! ಮೈ ಕಾದಾಗ ಅಂಗೈಯಲ್ಲಿ ರಕ್ತ ಹೆಚ್ಚು ಹರಿಯುವುದರಿಂದ ಬಾಲ್ದಿ ನೀರಿನಲ್ಲಿ ತಣ್ಣಗಾದ ರಕ್ತ ನೇರ ಒಳಕ್ಕೆ ಮರಳುತ್ತದೆ. ಸೊಲ್ಲಾಪುರದ ಕಡೆಯ ಒಣ ಬಿಸಿಲಿಗಾದರೆ ಒದ್ದೆ ಬೈರಾಸು, ಫ್ಯಾನು ಸಾಕಾಗಬಹುದು. ಬರೀ ಐಸಿನೊಳಗೆ ಕೈ ತುರುಕಿದರೆ ರಕ್ತನಾಳ ಬಿಗಿಯುತ್ತದೆ, ಐದು ನಿಮಿಷವೂ ಇಡಲಾಗದು. ಮೈ ಕಾಯುವ ಮೊದಲೇ ಮಾಡಿದರೂ ಹೆಚ್ಚು ಪ್ರಯೋಜನವಿಲ್ಲ. ಆಟಗಾರ ತಡವರಿಸಿ ಮಾತಾಡುತ್ತಿದ್ದರೆ, ಓಲಾಡುತ್ತಿದ್ದರೆ, ಕುಸಿದರೆ ಬಾಲ್ದಿ ನಂಬಿ ಕೂರಬೇಡಿ. ಅದು ಹೀಟ್ ಸ್ಟ್ರೋಕ್ ಇರಬಹುದು, ಮೈ ಬೆವರುತ್ತಿದ್ದರೂ ಸರಿ. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಕಾಯದೆ ಟಾರ್ಪಾಲಿನ ನಾಲ್ಕು ಬದಿ ಎತ್ತಿ ಹಿಡಿದು ಐಸ್ ನೀರಿನಲ್ಲಿ ಕುತ್ತಿಗೆವರೆಗೆ ಮಲಗಿಸಿ, ತಲೆ ಒಬ್ಬರು ಹಿಡಿದಿರಲಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.